ಎರಡನೆಯದು ತಾನೇ ಎಂಬ ಉದಾಸೀನ ಬೇಡ

‘ಎರಡ್ನೇದು ತಾನೇ, ಅಷ್ಟೇನೂ ಕಷ್ಟ ಆಗಲ್ಲ ಬಿಡಮ್ಮ.’

ದಿನ ತುಂಬುತ್ತಿರುವ ಬಸುರಿಗೆ ಅಕ್ಕಪಕ್ಕದವರು ಹೇಳುವ ಸಮಾಧಾನದ ಮಾತಿದು. ಮನೆಗೆ ಮನೆ ಅಂಟಿಕೊಂಡಿರುವ ಮೈಸೂರಿನ ಉದಯಗಿರಿಯಂಥ ಬಡಾವಣೆಯಲ್ಲಿ ಹೀಗೆ ಧೈರ್ಯ ಹೇಳುವವರಿಗೆ ಕೊರತೆಯಿಲ್ಲ. ಆದರೆ ಈ ಮಾತನ್ನೇ ನಂಬಿ ತಯಾರಿ ಮರೆತರೆ ಕಷ್ಟ ತಾಯಿಗಷ್ಟೇ ಅಲ್ಲ, ಶಾಲೆಗೆ ಹೋಗುವ ಮೊದಲ ಮಗುವಿಗೂ ತಪ್ಪಿದ್ದಲ್ಲ.

ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದವಿಲ್ಲದೆ ನಡೆದು ಬಂದ ಪದ್ಧತಿ. ಆಸ್ಪತ್ರೆಯ ಓಡಾಟದಿಂದ ಎಣ್ಣೆನೀರು, ಪಥ್ಯದವರೆಗೆ ಎಲ್ಲವನ್ನೂ ಹೆತ್ತಮ್ಮನೇ ನೋಡಿಕೊಳ್ಳುತ್ತಾಳೆ. ಎರಡನೆಯ ಸಲ ಹಾಗಾಗುವುದು ಕಡಿಮೆ. ದೊಡ್ಡ ಮಗುವಿಗೆ ಶಾಲೆಯಿದೆ, ಪರೀಕ್ಷೆಯಿದೆ. ಗಂಡನಿಗೆ ದುಡಿಮೆ ಬಿಡುವಂತಿಲ್ಲ. ಮನೆಯಲ್ಲೇ ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ತಾಯಂದಿರಿಗೆ ಕೊನೆಯ ದಿನದವರೆಗೂ ಕೈ ಬಿಡುವಿರುವುದಿಲ್ಲ. ತಂಬಾಕಿನ ಧೂಳು ಬಸುರಿಗೆ ಹಿತವಲ್ಲವೆಂದು ಗೊತ್ತಿದ್ದರೂ ಕೆಲಸ ನಿಲ್ಲುವುದಿಲ್ಲ. ಮೊದಲ ಸಲ ತವರು ಹೊತ್ತ ಭಾರವನ್ನು ಈ ಸಲ ಈ ಮನೆಯೇ ಹೊರಬೇಕು.

ಸುಲಭ ಅಲ್ಲ, ಬೇಗ

ಎರಡನೆಯ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ ಎನ್ನುವುದು ನಿಜ. ಮಗು ಹೊರಬರುವ ಕೊನೆಯ ಹಂತ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 3 ಗಂಟೆಯೊಳಗೆ, ಆನಂತರದ ಹೆರಿಗೆಗಳಲ್ಲಿ 2 ಗಂಟೆಯೊಳಗೆ ಮುಗಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅದಕ್ಕೆ ಮುಂಚಿನ ನೋವಿನ ಅವಧಿಯೂ ಕಡಿಮೆ. ‘ಹೋದ ಸಲ ರಾತ್ರಿಯಿಡೀ ಕಾದಿದ್ದೆವು’ ಎಂಬ ಲೆಕ್ಕದಲ್ಲಿ ಈ ಸಲವೂ ಬೆಳಗಾಗಲೆಂದು ಕುಳಿತರೆ ದಾರಿಯಲ್ಲೇ ಹೆರಿಗೆಯಾದೀತು!

ಆದ್ದರಿಂದ ಎಂಟನೆಯ ತಿಂಗಳಲ್ಲೇ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು. ಯಾವ ಆಸ್ಪತ್ರೆ? ಯಾವ ವಾಹನ? ನಡುರಾತ್ರಿ ನೋವು ಬಂದರೆ ದೊಡ್ಡ ಮಗುವಿನ ಬಳಿ ಯಾರು? ಉದಯಗಿರಿಯವರಿಗೆ ಚೆಲುವಾಂಬ ಆಸ್ಪತ್ರೆ ನಗರದೊಳಗೇ ಇದೆ. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಈ ಸರ್ಕಾರಿ ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದಲೂ ಬಸುರಿಯರು ಬರುತ್ತಾರೆ. ಹಾಗಾಗಿ ಮೊದಲೇ ತಪಾಸಣೆ ಮಾಡಿಸಿ, ಚೀಟಿಗಳನ್ನು ಜೋಡಿಸಿಟ್ಟುಕೊಂಡಿರುವುದು ಮೇಲು.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು. ಕಿರಿದಾದ ಅಡ್ಡರಸ್ತೆಯಲ್ಲಿ ಮನೆಯಿದ್ದರೆ ಹತ್ತಿರದ ಶಾಲೆ, ಮಸೀದಿ, ದೇವಸ್ಥಾನ ಅಥವಾ ಅಂಗಡಿಯ ಗುರುತು ಹೇಳುವುದನ್ನು ಮನೆಯವರೆಲ್ಲ ಕಲಿತಿರಲಿ. ಪಕ್ಕದ ಆಟೋದವರಿಗೂ ಒಂದು ಮಾತು ಹೇಳಿಟ್ಟಿರಿ.

ಮೊದಲ ಹೆರಿಗೆ ಸಿಜೇರಿಯನ್ ಆಗಿದ್ದರೆ ನೋವು ಜೋರಾಗಲೆಂದು ಮನೆಯಲ್ಲಿ ಕಾಯಲೇಬಾರದು. ರಕ್ತ ಹೋಗುವುದು, ನೀರು ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರಕ್ತದ ವಿಚಾರ

ಮೊದಲ ಬಾಣಂತನದಲ್ಲಿ ಕಳೆದ ರಕ್ತ, ಎದೆಹಾಲು ಕುಡಿಸಿದ ದಿನಗಳು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಅಭ್ಯಾಸ, ಇವೆಲ್ಲ ಸೇರಿ ಎರಡನೆಯ ಬಸಿರಿಗೆ ತಾಯಿ ಸೊರಗಿರುತ್ತಾಳೆ. ಹೆತ್ತ ಮೇಲೆ ಮತ್ತೆ ಬಸುರಿಯಾಗಲು ಕನಿಷ್ಠ 24 ತಿಂಗಳು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡದೆ ನುಂಗಬೇಕು. ಆದರೆ ಚಹಾ ಅಥವಾ ಕಾಫಿಯ ಜೊತೆಗೆ ನುಂಗಬಾರದು, ಮೈಗೆ ಹತ್ತುವುದಿಲ್ಲ.

ಎರಡನೆಯ ಬಸಿರಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು ರಕ್ತದ ಗುಂಪು. ತಾಯಿಯದು ನೆಗೆಟಿವ್, ಮೊದಲ ಮಗುವಿನದು ಪಾಸಿಟಿವ್ ಆಗಿದ್ದರೆ, ಆ ಮಗುವಿನ ರಕ್ತದ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿರಬಹುದು. ಅವು ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ; ಎರಡನೆಯದೂ ಪಾಸಿಟಿವ್ ಆದರೆ ಅದರ ರಕ್ತಕಣಗಳನ್ನು ನಾಶಮಾಡುತ್ತವೆ. ಹೆರಿಗೆಯಾದ 72 ಗಂಟೆಗಳೊಳಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಹೋದ ಸಲ ಆ ಚುಚ್ಚುಮದ್ದು ಬಿದ್ದಿತ್ತೇ ಎಂದು ಹಳೆಯ ಚೀಟಿಯಲ್ಲಿ ನೋಡಿ, ವೈದ್ಯರಿಗೆ ತೋರಿಸಿ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಸುವ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಸೇರಿ ಹೆರಿಗೆ, ಔಷಧ, ರಕ್ತ, ಊಟ ಎಲ್ಲವೂ ಉಚಿತ. ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಜೊತೆಗೆ ಮಗುವಿಗೆ ಒಗೆದು ಒಣಗಿಸಿದ ಹತ್ತಿ ಬಟ್ಟೆಗಳನ್ನು ಒಂದೇ ಚೀಲದಲ್ಲಿ ಇಟ್ಟಿರಲಿ.

‘ಇನ್ನು ನಿನ್ನ ಕಥೆ ಮುಗೀತು’

ಈಗ ದೊಡ್ಡ ಮಗುವಿನ ಮಾತು. ‘ಪಾಪು ಬಂದ್ಮೇಲೆ ನಿನ್ನನ್ನ ಯಾರೂ ಎತ್ಕೊಳಲ್ಲ, ಇನ್ನು ನಿನ್ನ ಕಥೆ ಮುಗೀತು’ ಎಂದು ಬಂದವರೆಲ್ಲ ರೇಗಿಸುತ್ತಾರೆ. ದೊಡ್ಡವರಿಗೆ ಅದು ತಮಾಷೆ, ಮಗುವಿಗೆ ದಿಗಿಲು. ಮತ್ತೆ ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಹೋಗಲು ಹಟ ಹಿಡಿಯುವುದು, ಅಮ್ಮನ ಸೆರಗು ಬಿಡದಿರುವುದು, ಇವೆಲ್ಲ ಆ ದಿಗಿಲಿನ ಫಲ. ಅದಕ್ಕೆ ಬೈಗುಳ ಮದ್ದಲ್ಲ.

ಮಲಗುವ ಜಾಗ ಬದಲಿಸುವುದಿದ್ದರೆ ಹೆರಿಗೆಗೆ ಒಂದೆರಡು ತಿಂಗಳು ಮುಂಚೆಯೇ ಬದಲಿಸಿ. ಪಾಪು ಬಂದ ದಿನವೇ ಬದಲಿಸಿದರೆ ತನ್ನ ಜಾಗ ಕಿತ್ತುಕೊಂಡದ್ದು ಪಾಪುವೇ ಎಂದು ಮಗು ತಿಳಿಯುತ್ತದೆ. ಅಮ್ಮ ಆಸ್ಪತ್ರೆಗೆ ಹೋಗುತ್ತಾಳೆ, ಕೆಲವು ದಿನ ಅಲ್ಲಿರುತ್ತಾಳೆ, ಆಗ ನೀನು ಅಜ್ಜಿಯ ಜೊತೆ ಇರುತ್ತೀಯ ಎಂದು ನೇರವಾಗಿ ಹೇಳಿ. ಶಾಲೆಯ ಟೀಚರಿಗೂ ತಿಳಿಸಿರಿ.

ತಮ್ಮ ಬೇಕೋ, ತಂಗಿ ಬೇಕೋ ಎಂದು ಕೇಳುವುದನ್ನೂ ಬಿಡುವುದು ಒಳ್ಳೆಯದು. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ಮಾತು ಎಷ್ಟೋ ತಾಯಂದಿರಿಗೆ ಎರಡನೆಯ ಬಸಿರನ್ನು ಪರೀಕ್ಷೆಯನ್ನಾಗಿ ಮಾಡಿದೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದ್ದರೂ ಮಂಡ್ಯ, ಮೈಸೂರು ಕಡೆಯ ಅಕ್ರಮ ಜಾಲವೊಂದು 2023ರಲ್ಲಿ ಬಯಲಾಯಿತು. ತಂಗಿ ಹುಟ್ಟಿದಾಗ ಮನೆ ಮಂಕಾದರೆ, ಅಕ್ಕನಾದ ಹುಡುಗಿ ತನ್ನ ಬೆಲೆಯನ್ನೂ ಅಲ್ಲೇ ಅಳೆದುಕೊಳ್ಳುತ್ತಾಳೆ.

ವಿದ್ಯಾರ್ಥಿಗಳೇ, ಅಣ್ಣ-ಅಕ್ಕ ಆಗಲಿರುವ ನೀವೂ ಕೈಲಾದದ್ದು ಮಾಡಬಹುದು. 108 ನೆನಪಿಡಿ, ಮನೆಯ ವಿಳಾಸ ಸ್ಪಷ್ಟವಾಗಿ ಹೇಳಲು ಕಲಿಯಿರಿ, ಚೀಲ ಎಲ್ಲಿದೆಯೆಂದು ತಿಳಿದಿರಿ. ನೀರಿನ ಬಿಂದಿಗೆಯನ್ನು ಅಮ್ಮನ ಕೈಯಿಂದ ತೆಗೆದುಕೊಳ್ಳಿ. ಮಗುವನ್ನು ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಿರಿ.

ಆದರೆ ಪೋಷಕರು ಒಂದು ಗೆರೆ ದಾಟಬಾರದು. ಬಾಣಂತನಕ್ಕೆ ಜನವಿಲ್ಲವೆಂದು ದೊಡ್ಡ ಹುಡುಗಿಯನ್ನು ‘ಒಂದು ತಿಂಗಳು ಮನೇಲಿರಲಿ’ ಎಂದು ಶಾಲೆ ಬಿಡಿಸುವುದುಂಟು. ಒಂದು ತಿಂಗಳು ಮೂರಾಗುತ್ತದೆ, ಪಾಠ ಹಿಂದೆ ಬೀಳುತ್ತದೆ, ಮತ್ತೆ ಹೋಗಲು ಅವಳಿಗೇ ಸಂಕೋಚ. ಅಜ್ಜಿ, ಅತ್ತೆ, ನಾದಿನಿ, ನೆರೆಯಾಕೆ, ರಜೆ ಹಾಕಿದ ಅಪ್ಪ ಸರದಿಯ ಮೇಲೆ ನಿಂತರೆ ಬಾಣಂತನ ಸಾಗುತ್ತದೆ. ಆ ಸರದಿ ಯಾರದು ಯಾವಾಗ ಎಂದು ನೋವು ಬರುವ ಮುಂಚೆಯೇ ಕುಳಿತು ಗೊತ್ತುಮಾಡಿಕೊಳ್ಳಿ.

ಎರಡನೆಯ ಮಗು ಮನೆಗೆ ಬಂದ ಮರುದಿನವೂ ಮೊದಲನೆಯದು ತಲೆ ಬಾಚಿಕೊಂಡು, ಡಬ್ಬಿ ಹಿಡಿದು, ಗಂಟೆಗೆ ಸರಿಯಾಗಿ ಶಾಲೆಗೆ ಹೋಯಿತೇ? ಹಾಗಾದರೆ ಆ ಮನೆಯ ತಯಾರಿ ಸರಿಯಾಗಿತ್ತೆಂದೇ ಅರ್ಥ.