ಸಾಫ್ಟ್‌ಬಾಲ್ ಆಡುವ ಮಕ್ಕಳು: ಪೋಷಕರು ಕೋಚ್ ಜೊತೆ ಯಾವಾಗ, ಹೇಗೆ ಮಾತನಾಡಬೇಕು?

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗಳು ಸಾಫ್ಟ್‌ಬಾಲ್ ತಂಡ ಸೇರಿದಾಗ, ಕ್ರಿಕೆಟ್ ನೋಡಿ ಬೆಳೆದ ತಂದೆ ತಾಯಿಗೆ ಆಟದ ಜೊತೆಗೆ ಅಲ್ಲಿನ ರೂಢಿಗಳೂ ಹೊಸದಾಗಿರುತ್ತವೆ. ಮಗಳನ್ನು ಬೆಂಚಿನಲ್ಲಿ ಕೂರಿಸಿದರೆ ಕೋಚ್ ಅವರನ್ನು ಕೇಳಬಹುದೇ? ಕೇಳಿದರೆ ಮಗುವಿಗೆ ತೊಂದರೆಯಾದೀತೇ? ಈ ಅಳುಕಿನಿಂದ ಕೆಲವರು ಏನನ್ನೂ ಕೇಳುವುದಿಲ್ಲ. ಇನ್ನು ಕೆಲವರು ಮೈದಾನದಲ್ಲೇ ಕೂಗಾಡುತ್ತಾರೆ. ಎರಡೂ ಸರಿಯಲ್ಲ.

ಮೊದಲು ತಂಡದ ಬಗೆ ತಿಳಿಯಿರಿ

ಮೈದಾನಕ್ಕೆ ಇಳಿಯುವವರು 9 ಮಂದಿ. ತಂಡದಲ್ಲಿ 12 ಮಕ್ಕಳಿದ್ದರೆ ಸದಾ 3 ಮಂದಿ ಹೊರಗಿರಲೇಬೇಕು. ಯಾರು ಹೊರಗಿರಬೇಕು ಎಂಬುದು ತಂಡದ ಬಗೆಯನ್ನು ಅವಲಂಬಿಸಿದೆ.

ಊರಿನ ರಿಕ್ರಿಯೇಷನ್ ಲೀಗ್‌ಗಳ ಉದ್ದೇಶ ಎಲ್ಲರಿಗೂ ಆಟ ಕಲಿಸುವುದು. ಲಿಟಲ್ ಲೀಗ್ ಸಂಸ್ಥೆ 1974ರಲ್ಲಿ ಸಾಫ್ಟ್‌ಬಾಲ್ ಆರಂಭಿಸಿತು. ಅದರ ಸಾಮಾನ್ಯ ಋತುವಿನ ಪಂದ್ಯಗಳಲ್ಲಿ ಹಾಜರಿರುವ ಪ್ರತಿ ಮಗುವಿಗೂ ಕನಿಷ್ಠ 6 ಔಟ್‌ಗಳಷ್ಟು ಹೊತ್ತು ಫೀಲ್ಡಿಂಗ್ ಮತ್ತು ಒಮ್ಮೆ ಬ್ಯಾಟಿಂಗ್ ಸಿಗಬೇಕೆಂಬ ನಿಯಮವಿದೆ. ಆದರೆ ಆಯ್ಕೆ ಪರೀಕ್ಷೆ ನಡೆಸಿ, ಹೆಚ್ಚು ಶುಲ್ಕ ಪಡೆಯುವ ಟ್ರಾವೆಲ್ ತಂಡಗಳಲ್ಲಿ ಸಾಮಾನ್ಯವಾಗಿ ಇಂಥ ಖಾತರಿ ಇರುವುದಿಲ್ಲ. ಶುಲ್ಕ ಕಟ್ಟಿದ್ದು ತರಬೇತಿಗೇ ಹೊರತು ಆಟದ ಸಮಯಕ್ಕಲ್ಲ. ಸೇರುವ ಮುನ್ನವೇ ಇದನ್ನು ಕೇಳಿಕೊಳ್ಳಬೇಕು.

ಊರಿನ ಲೀಗ್‌ಗಳ ಕೋಚ್‌ಗಳಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅನೇಕರ ಮಕ್ಕಳು ಅದೇ ತಂಡದಲ್ಲಿರುತ್ತಾರೆ. ಪಕ್ಷಪಾತದ ದೂರು ಹುಟ್ಟುವುದೂ ಬಹುಪಾಲು ಇಲ್ಲಿಯೇ.

ಆರಂಭದಲ್ಲೇ ಮಾತು

ಋತು ಶುರುವಾಗುವಾಗ ಕೋಚ್ ಪೋಷಕರ ಸಭೆ ಕರೆಯುತ್ತಾರೆ. ಅಭ್ಯಾಸದ ದಿನಗಳು, ರಜೆಯ ಪ್ರವಾಸ, ಆಹಾರ ನಿಯಮ, ಅಲರ್ಜಿ, ಹಳೆಯ ಗಾಯ ಇವನ್ನೆಲ್ಲ ಅಲ್ಲೇ ತಿಳಿಸಿಬಿಡಿ. ಪರ ಊರಿನ ಟೂರ್ನಮೆಂಟ್‌ನಲ್ಲಿ ಮಗು ಸೂರ್ಯಾಸ್ತದ ಮುನ್ನ ಊಟ ಮಾಡಬೇಕಿದ್ದರೆ ಮೊದಲೇ ಹೇಳಿದರೆ ವ್ಯವಸ್ಥೆ ಸುಲಭ.

ಕಾಯಬೇಕಾದ 24 ಗಂಟೆ

ಅನೇಕ ತಂಡಗಳಲ್ಲಿ ಒಂದು ರೂಢಿ ಇದೆ: ಪಂದ್ಯದ ಬಗ್ಗೆ ಅಸಮಾಧಾನವಿದ್ದರೆ 24 ಗಂಟೆ ಕಳೆದ ಮೇಲೆ ಮಾತನಾಡಬೇಕು. ಪಂದ್ಯ ಮುಗಿದ ಕೂಡಲೇ ಇಬ್ಬರೂ ಬಿಸಿಯಾಗಿರುತ್ತಾರೆ. ಪಕ್ಕದಲ್ಲೇ ಮಗು ನಿಂತಿರುತ್ತದೆ. ಮಗು ಸ್ವಲ್ಪ ದೊಡ್ಡದಾಗಿದ್ದರೆ ಮೊದಲು ಅದೇ ಕೋಚ್ ಅವರನ್ನು ಕೇಳಲಿ. ಆಮೇಲೆ ನೀವು ಸಮಯ ಕೇಳಿ, ಪ್ರತ್ಯೇಕವಾಗಿ ಭೇಟಿಯಾಗಿ.

ಕೇಳುವ ಪ್ರಶ್ನೆಯೂ ಮುಖ್ಯ. “ಅವಳನ್ನೇಕೆ ಆಡಿಸಿದಿರಿ, ನನ್ನ ಮಗಳನ್ನೇಕೆ ಬಿಟ್ಟಿರಿ” ಎಂದರೆ ಜಗಳವಾಗುತ್ತದೆ. “ನಮ್ಮ ಮಗಳು ಯಾವುದರಲ್ಲಿ ಸುಧಾರಿಸಬೇಕು, ಮನೆಯಲ್ಲಿ ಏನು ಅಭ್ಯಾಸ ಮಾಡಿಸಲಿ” ಎಂದರೆ ಉತ್ತರ ಸಿಗುತ್ತದೆ. ಬೇರೆ ಮಕ್ಕಳ ಹೋಲಿಕೆ ಬೇಡ. ಬ್ಯಾಟಿಂಗ್ ಕ್ರಮ, ಯಾರು ಪಿಚ್ ಮಾಡಬೇಕು ಎಂಬ ತೀರ್ಮಾನ ಕೋಚ್‌ಗೆ ಸೇರಿದ್ದು.

ಕಾಯಬಾರದ ವಿಷಯಗಳು

ಈ ತಾಳ್ಮೆಯ ನಿಯಮ ಸುರಕ್ಷತೆಗೆ ಅನ್ವಯಿಸುವುದಿಲ್ಲ. ತಲೆಗೆ ಚೆಂಡು ಬಡಿದು ಮಗು ಮಂಕಾಗಿದ್ದರೆ ಆ ಕ್ಷಣವೇ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೈ ಕೆಳಗಿನಿಂದ ಎಸೆಯುವ ಪಿಚಿಂಗ್‌ನಿಂದ ಭುಜಕ್ಕೆ ಏನೂ ಆಗದು ಎಂಬುದು ತಪ್ಪು ನಂಬಿಕೆ. ನೋವಿದೆ ಎಂದು ಮಗು ಹೇಳಿದರೆ ಅಂದೇ ತಿಳಿಸಿ.

ಅವಮಾನ, ಬೆದರಿಕೆ, ಅನುಚಿತ ಸ್ಪರ್ಶದ ಅನುಮಾನ ಬಂದರಂತೂ ಸಂಕೋಚ ಸಲ್ಲದು. 2018ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅಮೆರಿಕದ ಸೇಫ್ ಸ್ಪೋರ್ಟ್ ಕಾನೂನು, ಅದರ ವ್ಯಾಪ್ತಿಯ ಕ್ರೀಡಾ ಸಂಸ್ಥೆಗಳಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವ ವಯಸ್ಕರು ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನವನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ವರದಿ ಮಾಡಬೇಕೆನ್ನುತ್ತದೆ. ಯುಎಸ್ಎ ಸಾಫ್ಟ್‌ಬಾಲ್ ಕೂಡ ಇದರ ವ್ಯಾಪ್ತಿಯಲ್ಲಿದೆ. ಕೋಚ್ ಮಗುವಿನೊಂದಿಗೆ ಇತರರಿಗೆ ಕಾಣದ ಜಾಗದಲ್ಲಿ ಒಂಟಿಯಾಗಿರುವುದು, ಪೋಷಕರನ್ನು ಸೇರಿಸದೆ ಖಾಸಗಿ ಸಂದೇಶ ಕಳಿಸುವುದು ಇವು ಎಚ್ಚರಿಕೆಯ ಗುರುತುಗಳು. “ನಾವು ಹೊಸಬರು, ಸುಮ್ಮನಿರೋಣ” ಎಂದುಕೊಳ್ಳಬೇಡಿ. ಲೀಗಿನ ಪದಾಧಿಕಾರಿಗಳಿಗೂ ಪೊಲೀಸರಿಗೂ ತಿಳಿಸುವ ಹಕ್ಕು ನಿಮಗಿದೆ.

ಮಗಳಿಗೆ ಹೊಡೆತ ಸಿಗದ ಬೇಸರವನ್ನು ಒಂದು ದಿನ ತಡೆದುಕೊಳ್ಳಬಹುದು. ಆಕೆಯ ಮೈ ಮನಸ್ಸಿಗೆ ಆಗುವ ನೋವನ್ನು ಒಂದು ಗಳಿಗೆಯೂ ಮುಚ್ಚಿಡಬಾರದು. ಈ ವ್ಯತ್ಯಾಸ ಅರಿತ ಪೋಷಕರ ಮಾತಿಗೆ ಕೋಚ್‌ಗಳೂ ಬೆಲೆ ಕೊಡುತ್ತಾರೆ.