ಮೂಡುಬಿದಿರೆಯ ಬಸದಿಗಳೂ ಓಲೆಗರಿಗಳೂ

ಮಂಗಳೂರಿನಿಂದ ಕಾರ್ಕಳದ ಕಡೆಗೆ ಸುಮಾರು 35 ಕಿಲೋಮೀಟರು ಸಾಗಿದಾಗ ದೊರೆಯುವ ಮೂಡುಬಿದಿರೆಯು, ಹದಿನೆಂಟು ಬಸದಿಗಳನ್ನೂ ಒಂದು ಜೈನಮಠವನ್ನೂ ಚೌಟ ಅರಸರ ಅರಮನೆಯನ್ನೂ ಕೆಲವೇ ಬೀದಿಗಳ ಆವರಣದಲ್ಲಿ ಅಡಗಿಸಿಕೊಂಡಿರುವ ಪುಟ್ಟ ಪಟ್ಟಣ. ಜೈನಕಾಶಿಯೆಂದು ಇದಕ್ಕೆ ಪ್ರಸಿದ್ಧಿಯುಂಟು. ಆದರೂ ಬಂದವರಲ್ಲಿ ಬಹುಮಂದಿ ಸಾವಿರ ಕಂಬದ ಬಸದಿಯೊಂದನ್ನೇ ನೋಡಿ, ಮುಂದಿನ ಕ್ಷೇತ್ರದ ಬಸ್ಸಿಗೆ ತ್ವರೆಪಟ್ಟು ಹೊರಟುಬಿಡುವುದು ನನಗೆ ವ್ಯಸನದ ಸಂಗತಿಯಾಗಿದೆ.

ಆ ಬಸದಿಯ ಮಹಿಮೆ ಕಡಮೆಯದೆಂದಲ್ಲ. ವಿಜಯನಗರದ ಇಮ್ಮಡಿ ದೇವರಾಯನ ಆಳಿಕೆಯಲ್ಲಿ, 1430ರಲ್ಲಿ ನಿರ್ಮಿತವಾದ ಈ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯವು, ತುಳುನಾಡಿನ ಮಳೆಗೆ ತಕ್ಕಂತೆ ಇಳಿಜಾರಾದ ಮಾಡುಗಳನ್ನು ಅಂತಸ್ತು ಅಂತಸ್ತಾಗಿ ಹೊತ್ತು ನಿಂತಿದೆ. ಗರ್ಭಗೃಹದಲ್ಲಿ ಪಂಚಲೋಹದ ಚಂದ್ರನಾಥ ಸ್ವಾಮಿ. ಕಂಬಗಳಲ್ಲಿ ಒಂದು ಇನ್ನೊಂದನ್ನು ಹೋಲುವುದಿಲ್ಲವೆಂಬ ಮಾತನ್ನು ಕೇಳಿದವರು ಎಣಿಕೆಯ ಚಾಪಲ್ಯವನ್ನು ಬಿಟ್ಟು ಒಂದೇ ಕಂಬದ ಮುಂದೆ ಸಾವಕಾಶವಾಗಿ ನಿಂತರೆ, ಶಿಲ್ಪಿಯ ಉಳಿ ಎಲ್ಲಿ ತಡೆದು ಎಲ್ಲಿ ಓಡಿತೆಂಬುದು ಕಣ್ಣಿಗೆ ಗೋಚರಿಸತೊಡಗುವುದು. ಭೈರಾದೇವಿ ಮಂಟಪದ ಅಧಿಷ್ಠಾನವನ್ನಂತೂ ಬಗ್ಗಿ ನೋಡಲೇಬೇಕು. ನಮ್ಮ ಕಾಡಿನಲ್ಲಿ ಎಂದೂ ಸುಳಿಯದ ಜಿರಾಫೆಯೂ, ಚೀನಾ ದೇಶದ ಡ್ರ್ಯಾಗನ್ನೂ ಅಲ್ಲಿ ಕಲ್ಲಿನಲ್ಲಿ ಮೂಡಿವೆ. ಕಡಲಾಚೆಯ ವ್ಯಾಪಾರದ ಸುದ್ದಿ ಈ ಒಳನಾಡಿನ ಪೇಟೆಯವರೆಗೂ ತಲಪಿತ್ತೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಬೇಕೆ?

ಉಳ್ಳಾಲದ ರಾಣಿ ಅಬ್ಬಕ್ಕನ ವಂಶದವರಾದ ಚೌಟರ ಅರಮನೆ ಸಮೀಪದಲ್ಲಿಯೇ ಇದೆ. ಅರಮನೆಯೆಂದೊಡನೆ ಕೋಟೆಕೊತ್ತಲಗಳನ್ನು ಕಲ್ಪಿಸಿಕೊಂಡು ಬಂದವರಿಗೆ ಅದು ದೊಡ್ಡದೊಂದು ಗುತ್ತಿನ ಮನೆಯಂತೆ ಕಂಡೀತು. ಆದರೆ ಅಲ್ಲಿಯ ಮರದ ಕಂಬದಲ್ಲಿ ಒಂಬತ್ತು ಸ್ತ್ರೀಯರ ದೇಹಗಳೇ ಹೆಣೆದು ಆನೆಯಾದ ನವನಾರೀಕುಂಜರವನ್ನೂ, ಐವರು ಕೂಡಿ ಕುದುರೆಯಾದ ಪಂಚನಾರೀತುರಗವನ್ನೂ ಕಂಡಮೇಲೆ ಆ ನಿರಾಶೆ ಉಳಿಯದು.

ಇಷ್ಟಾದರೂ ಈ ಊರಿನ ಪರಮನಿಧಿ ಕಲ್ಲಿನದೂ ಅಲ್ಲ, ಮರದ್ದೂ ಅಲ್ಲ. ಸಿದ್ಧಾಂತ ಬಸದಿಯೆಂದೂ ಹೆಸರುಳ್ಳ ಗುರುಬಸದಿಯಲ್ಲಿ, ಪಾರ್ಶ್ವನಾಥನ ಸನ್ನಿಧಿಯಲ್ಲಿ, ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳೇ ಆ ನಿಧಿ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಮಾಣ 72,000 ಶ್ಲೋಕಗಳಷ್ಟು. ಕಸಾಯಪಾಹುಡದ ಮೇಲಿನ ಜಯಧವಲೆಯನ್ನು ಅವರು 20,000ದಷ್ಟು ರಚಿಸಿ ಕಾಲವಾಗಲು, ರಾಷ್ಟ್ರಕೂಟ ಅಮೋಘವರ್ಷನ ಗುರುವಾದ ಜಿನಸೇನರು ಮತ್ತೆ 40,000ವನ್ನು ಕೂಡಿಸಿ 837ರಲ್ಲಿ ಮುಗಿಸಿದರು. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ಹನ್ನೆರಡನೆಯ ಶತಮಾನದ ಆ ಗರಿಗಳಲ್ಲಿ ಅಕ್ಷರಗಳ ನಡುವೆ ವರ್ಣಚಿತ್ರಗಳೂ ಉಂಟು: ಧ್ಯಾನಸ್ಥ ಜಿನರು, ಕೈಮುಗಿದ ಶ್ರಾವಕರು, ಆಮೆಯ ಮೇಲೆ ಕುಳಿತ ಅಜಿತಯಕ್ಷ.

ಬೇರೆಲ್ಲಿಯೂ ಈ ಗ್ರಂಥಗಳ ಪ್ರಾಚೀನ ಪ್ರತಿ ಉಳಿಯಲಿಲ್ಲ. ಇಲ್ಲಿ ಉಳಿದುದಾದರೂ ಪಾಠಪ್ರವಚನದಿಂದಲ್ಲ, ಪೂಜೆಯಿಂದ. ದೂರದೇಶದ ಯಾತ್ರಿಕರಿಗೆ ಅವು ದರ್ಶನಕ್ಕೆ ಮಾತ್ರ ಸಲ್ಲುತ್ತಿದ್ದವು, ಓದುವ ಮಾತಿರಲಿಲ್ಲ. ಈ ಕಟ್ಟುಪಾಡನ್ನು ಸಂಕುಚಿತಬುದ್ಧಿಯೆಂದು ಜರೆಯುವವರಿದ್ದಾರೆ. ಪಟ್ಟು ಸಡಿಲಿದ್ದರೆ ಓಲೆಗಳು ಎಂದೋ ಚದರಿಹೋಗುತ್ತಿದ್ದವೆಂದು ನಾನು ಭಾವಿಸುತ್ತೇನೆ. ಆದರೆ ಹುಳುವಿಗೂ ತೇವಕ್ಕೂ ಭಕ್ತಿಯೊಂದೇ ಮದ್ದಲ್ಲವೆಂಬುದೂ ಅಷ್ಟೇ ನಿಜ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕಾರ್ಯ ಆರಂಭವಾಯಿತು. ಗಜಪತಿ ಶಾಸ್ತ್ರಿಗಳು ವರ್ಷಗಟ್ಟಲೆ ಕುಳಿತು ಬರೆದರು. ಕನ್ನಡ ಲಿಪಿಯ ಒಂದು ಪ್ರತಿ ಹೇಗೋ ದೂರದ ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿಗೆ ಇಳಿಯಿತು. ಆ ಪರಂಪರೆಯ ಪ್ರತಿಗಳನ್ನು ಆಧರಿಸಿ ಹೀರಾಲಾಲ್ ಜೈನರು ಧವಲೆಯ ಮೊದಲ ಸಂಪುಟವನ್ನು 1939ರಲ್ಲಿ ಹೊರತಂದರು; ಒಟ್ಟು ಹದಿನಾರು ಸಂಪುಟಗಳಾದವು. ಪ್ರತಿಯಿಂದ ಪ್ರತಿಗೆ ಸಾಗಿದ ಪಾಠದಲ್ಲಿ ಸ್ಖಾಲಿತ್ಯಗಳು ನುಸುಳಿದ್ದುವಾದ್ದರಿಂದ, ಮುಂದಿನ ಸಂಪುಟಗಳಿಗಾಗಿ ಮೂಡುಬಿದಿರೆಯವರು ಮೂಲ ಓಲೆಗಳನ್ನೇ ಬಿಚ್ಚಿ, ಪಂಡಿತರಿಂದ ಸಾಲುಸಾಲಾಗಿ ಹೋಲಿಸಿ ತಿದ್ದಿಸಿ ಕಳುಹಿಸಿಕೊಟ್ಟರು.