ಓದಿದ್ದು ತಿಳಿಯಿತೆ?

ಈ ಕೆಳಗಿನ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿರಿ: “ಮಿಂಬಲಿಯು ತಿಮಡೆಯ ಮೇಲೆ ನೋಪುಳವನ್ನು ದರಪಿಸಿತು.” ಇನ್ನು ಮೂರು ಪ್ರಶ್ನೆಗಳು. ದರಪಿಸಿದುದು ಯಾವುದು? ಏನನ್ನು ದರಪಿಸಿತು? ಎಲ್ಲಿ ದರಪಿಸಿತು? ಮಿಂಬಲಿ, ನೋಪುಳವನ್ನು, ತಿಮಡೆಯ ಮೇಲೆ—ಮೂರಕ್ಕೂ ಸರಿಯುತ್ತರ ಬಂದಿತು; ಪೂರ್ಣಾಂಕಗಳು ದೊರೆತುವು. ಆದರೆ ಮಿಂಬಲಿಯೆಂದರೆ ಪ್ರಾಣಿಯೋ ಯಂತ್ರವೋ, ದರಪಿಸುವುದೆಂದರೆ ಕೆಲಸವೋ ಆಟವೋ, ಯಾರೂ ಹೇಳಲಾರರು. ಅವು ಈ ಲೇಖನಕ್ಕಾಗಿ ನಾವೇ ಕಟ್ಟಿದ ಅರ್ಥಶೂನ್ಯ ಶಬ್ದಗಳು. ಉತ್ತರವನ್ನು ತಂದುಕೊಟ್ಟುದು ನಮ್ಮ ತಿಳಿವಳಿಕೆಯಲ್ಲ. ‘ಅನ್ನು’, ‘ಮೇಲೆ’ ಎಂಬ ವ್ಯಾಕರಣದ ಗುರುತುಗಳು.

ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ‘ಓದಿ ಉತ್ತರಿಸಿರಿ’ ಎಂದು ಕೊಡುವ ಅಭ್ಯಾಸಗಳಲ್ಲಿ ಎಷ್ಟೋ ಈ ಜಾತಿಯವು. ಮಗು ಪ್ರಶ್ನೆಯಲ್ಲಿರುವ ಶಬ್ದವನ್ನು ಪಾಠದಲ್ಲಿ ಹುಡುಕುತ್ತದೆ, ಅದು ಸಿಕ್ಕಿದ ವಾಕ್ಯವನ್ನು ನಕಲು ಮಾಡುತ್ತದೆ. ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಸಮಾಧಾನವಾಗುತ್ತದೆ. ಮಗುವಿಗೆ ಅರ್ಥವಾಗಿಲ್ಲವೆಂಬ ಸಂಗತಿ ಬೆಳಕಿಗೆ ಬರುವುದು ಐದಾರು ವರ್ಷಗಳ ತರುವಾಯ, ವಿಜ್ಞಾನ, ಇತಿಹಾಸ, ಗಣಿತದ ಪ್ರಶ್ನೆಗಳನ್ನು ತಾನೇ ಓದಿಕೊಳ್ಳಬೇಕಾಗಿ ಬಂದಾಗ. ಆಗ ಎಲ್ಲರೂ ‘ಹುಡುಗ ಗಣಿತದಲ್ಲಿ ದಡ್ಡ’ ಎನ್ನುತ್ತಾರೆ. ಕಾರಣ ಎಲ್ಲಿದೆಯೆಂದು ಯಾರೂ ಹುಡುಕುವುದಿಲ್ಲ.

ಹಾಗಾದರೆ ಅರ್ಥಗ್ರಹಣವೆಂದರೇನು? ೧೯೮೬ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು ಇದಕ್ಕೆ ಒಂದು ಸರಳವಾದ ಸೂತ್ರವನ್ನು ಮುಂದಿಟ್ಟರು. ಓದಿ ತಿಳಿಯುವ ಶಕ್ತಿಯು ಎರಡು ಶಕ್ತಿಗಳ ಗುಣಲಬ್ಧ: ಒಂದು, ಬರೆಹವನ್ನು ಮಾತಾಗಿ ಮಾರ್ಪಡಿಸುವ ಶಕ್ತಿ, ಇನ್ನೊಂದು, ಆ ಮಾತನ್ನು ಕೇಳಿದರೆ ತಿಳಿದುಕೊಳ್ಳುವ ಶಕ್ತಿ. ಇದು ಸಂಕಲನವಲ್ಲ, ಗುಣಾಕಾರ ಎಂಬುದನ್ನು ಗಮನಿಸಬೇಕು. ಮೊದಲನೆಯದು ಹತ್ತರಲ್ಲಿ ಒಂಬತ್ತು ಪಾಲಿದ್ದು ಎರಡನೆಯದು ಹತ್ತರಲ್ಲಿ ಎರಡೇ ಪಾಲಿದ್ದರೆ, ಫಲ ನೂರರಲ್ಲಿ ಹದಿನೆಂಟು ಮಾತ್ರ. ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆಯೇ.

ಮೊದಲನೆಯ ಶಕ್ತಿಯನ್ನು ನೋಡೋಣ. ಕನ್ನಡದ ವರ್ಣಮಾಲೆಯಲ್ಲಿ ೪೯ ಅಕ್ಷರಗಳಿವೆ. ಆದರೆ ಮಗು ಗುರುತಿಸಬೇಕಾದ ರೂಪಗಳು ಅಷ್ಟೇ ಅಲ್ಲ. ೩೪ ವ್ಯಂಜನಗಳು ೧೩ ಸ್ವರಗಳೊಡನೆ ಕೂಡಿದರೆ ಗುಣಿತಾಕ್ಷರಗಳೇ ೪೪೨ ಆಗುತ್ತವೆ. ಒತ್ತಕ್ಷರಗಳು ಬೇರೆ. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಈ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿತು. ಆದುದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದ ಬಳಿ ತಡವರಿಸಿದರೆ ಗಾಬರಿಯಾಗಬೇಕಾದುದಿಲ್ಲ.

ಆದರೆ ತಡವರಿಕೆಗೂ ಅರ್ಥಕ್ಕೂ ಸಂಬಂಧವುಂಟು. ನಮ್ಮ ಮನಸ್ಸು ಒಂದು ಕ್ಷಣದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಮೆ. ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು ಓದುವ ಮಗುವಿನ ಗಮನವೆಲ್ಲ ಅಕ್ಷರಗಳಲ್ಲೇ ವ್ಯಯವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಯಾರು, ಯಾರಿಗೆ, ಏನನ್ನು ಎಂಬುದೆಲ್ಲವನ್ನೂ ನೆನಪಿನಲ್ಲಿ ಹೊತ್ತುಕೊಂಡು ಮಗುವು ಕೊನೆಯ ಶಬ್ದದವರೆಗೆ ನಡೆಯಬೇಕು. ನಡಿಗೆ ನಿಧಾನವಾದರೆ ಹೊರೆ ದಾರಿಯಲ್ಲಿಯೇ ಉದುರಿಹೋಗುತ್ತದೆ. ಆದುದರಿಂದ ಒಂದೇ ಚಿಕ್ಕ ಪಾಠವನ್ನು ಎರಡು ಮೂರು ಬಾರಿ ಓದಿಸುವುದು ವ್ಯರ್ಥ ಶ್ರಮವಲ್ಲ. ಮೂರನೆಯ ಓದಿನಲ್ಲಿ ಅಕ್ಷರಗಳು ಹಗುರವಾಗಿ, ಅರ್ಥಕ್ಕೆ ಎಡೆಯಾಗುತ್ತದೆ.

ನಮ್ಮ ದೇಶದಲ್ಲಿ ಈ ಮೊದಲನೆಯ ಮೆಟ್ಟಿಲೇ ಅನೇಕ ಮಕ್ಕಳಿಗೆ ಕಷ್ಟವಾಗಿದೆ. ಪ್ರಥಮ್ ಸಂಸ್ಥೆಯು ೨೦೦೫ರಿಂದ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯಲ್ಲಿ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುತ್ತಾರೆ. ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಭಾರತದ ಗ್ರಾಮಗಳಲ್ಲಿ ೨೦೨೨ರಲ್ಲಿ ನೂರಕ್ಕೆ ೨೦.೫ ಇದ್ದರು, ೨೦೨೪ರಲ್ಲಿ ೨೭.೧ ಆದರು. ಇಲ್ಲಿ ಮುಖ್ಯವಾಗಿ ಅಳೆದುದು ಓದಿ ಹೇಳುವ ಶಕ್ತಿಯನ್ನು. ಓದಿದ್ದು ತಿಳಿಯಿತೆ ಎಂಬುದು ಅದರ ಮುಂದಿನ ಪ್ರಶ್ನೆ.

ಆ ಮುಂದಿನ ಪ್ರಶ್ನೆಯನ್ನು ಬಿಡಿಸಲು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರು ಒಳ್ಳೆಯ ನಿದರ್ಶನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರುವ ಮುನ್ನ ಮುಂಬಯಿ ರಾಜ್ಯದಲ್ಲಿತ್ತು. ಇಂದಿಗೂ ಕನ್ನಡ ಮರಾಠಿಗಳೆರಡೂ ಇಲ್ಲಿನ ಪೇಟೆ ಬೀದಿಗಳ ಮಾತು. ಇಲ್ಲಿನ ಕನ್ನಡ ಮನೆಯ ಮಗು ಆರು ವರ್ಷ ಕೇಳಿ ಬೆಳೆದುದು ‘ಮನಿ’, ‘ಸಾಲಿ’, ‘ತತ್ತಿ’, ‘ಉಳ್ಳಾಗಡ್ಡಿ’, ‘ಶೇಂಗಾ’, ‘ಛತ್ರಿ’ ಎಂಬ ಶಬ್ದಗಳನ್ನು. ಶಿಷ್ಟಭಾಷೆಯ ಪುಸ್ತಕದಲ್ಲಿ ಎದುರಾಗುವುವು ‘ಮನೆ’, ‘ಶಾಲೆ’, ‘ಮೊಟ್ಟೆ’, ‘ಈರುಳ್ಳಿ’, ‘ಕಡಲೆಕಾಯಿ’, ‘ಕೊಡೆ’. ಮೊದಲಿನ ಎರಡನ್ನು ಮಗು ಊಹಿಸಿಕೊಳ್ಳಬಹುದು. ಆದರೆ ‘ಕೊಡೆ’ ಎಂಬುದನ್ನು ತಪ್ಪಿಲ್ಲದೆ ಓದಿದರೂ ಅದರ ಕಣ್ಣಿಗೆ ಛತ್ರಿ ಕಾಣಿಸದು. ಆ ಮಗುವಿನ ಪಾಲಿಗೆ ಅದೂ ಒಂದು ‘ನೋಪುಳ’ವೇ.

ಮರಾಠಿ ಮನೆಮಾತಿನ ಮಗು ಕನ್ನಡ ಶಾಲೆಗೆ ಬಂದರೆ ಈ ಅಂತರ ಇನ್ನೂ ಹಿರಿದು. ಲಿಪಿಯ ವಿಷಯದಲ್ಲಿ ಅದಕ್ಕೆ ಒಂದು ಅನುಕೂಲವುಂಟು: ದೇವನಾಗರಿಯೂ ಕನ್ನಡವೂ ಬ್ರಾಹ್ಮಿಯಿಂದ ಬಂದವು, ಎರಡರಲ್ಲಿಯೂ ಕ, ಖ, ಗ, ಘ ಎಂಬ ಕ್ರಮವೊಂದೇ, ಗುಣಿತದ ತತ್ತ್ವವೊಂದೇ. ಆದುದರಿಂದ ಅಂಥ ಮಗು ಬೇಗನೆ ಗಟ್ಟಿಯಾಗಿ ಓದಬಲ್ಲದು. ಕೇಳಿದವರು ಎಲ್ಲವೂ ತಿಳಿದಿದೆಯೆಂದು ಭ್ರಮಿಸಬಹುದು. ಗಡಿಯಾಚೆ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳ ಕನ್ನಡ ಮನೆಯ ಮಗು ಮರಾಠಿ ಶಾಲೆಗೆ ಸೇರಿದರೆ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ.

ಶಬ್ದಗಳು ತಿಳಿದ ಮಾತ್ರಕ್ಕೂ ಕೆಲಸ ಮುಗಿಯದು. ೧೯೮೮ರಲ್ಲಿ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬುವರು ಅಮೆರಿಕದ ೬೪ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟು, ಓದಿದುದನ್ನು ಮೈದಾನದ ಚಿಕ್ಕ ಮಾದರಿಯಲ್ಲಿ ಗೊಂಬೆಗಳನ್ನು ಸರಿಸಿ ತೋರಿಸಲು ಹೇಳಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದು ಆಟವನ್ನು ಅರಿಯದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಕಬ್ಬಿನ ಹೊಲಗಳ ನಡುವೆ ಬೆಳೆದ ಚಿಕ್ಕೋಡಿಯ ಮಗುವಿಗೆ ಬೆಲ್ಲ ಮಾಡುವ ಪಾಠವನ್ನೂ ಹಿಮ ಬೀಳುವ ಪಾಠವನ್ನೂ ಕೊಟ್ಟು ನೋಡಿದರೆ ಈ ಭೇದ ಯಾರಿಗಾದರೂ ಗೋಚರಿಸೀತು. ಹಾಗೆಂದು ಹಿಮದ ಪಾಠವೇ ಬೇಡವೆನ್ನಲಾಗದು. ಓದುವ ಮುನ್ನ ಹಿಮದ ವಿಷಯ ನಾಲ್ಕು ಮಾತನಾಡಬೇಕು, ಅಷ್ಟೆ.

ಇನ್ನು ಅಭ್ಯಾಸದ ಕ್ರಮವೆಂತು? ಒಂದು ಸಣ್ಣ ಪಾಠವನ್ನು ತೆಗೆದುಕೊಳ್ಳೋಣ: “ಅಪ್ಪ ಹೊಲಕ್ಕೆ ಹೊರಟರು. ಆಕಾಶವನ್ನು ನೋಡಿ ಒಳಗೆ ಬಂದು ಕೊಡೆಯನ್ನು ತೆಗೆದುಕೊಂಡರು. ಸಂಜೆ ಅಪ್ಪನೂ ಅಜ್ಜಿಯೂ ಮನೆಗೆ ಬಂದರು. ಅಪ್ಪನ ಬಟ್ಟೆ ತೊಯ್ದಿತ್ತು. ಅಜ್ಜಿಯ ಸೀರೆ ತೊಯ್ದಿರಲಿಲ್ಲ.” ಅಪ್ಪ ಎಲ್ಲಿಗೆ ಹೊರಟರು ಎಂದು ಕೇಳಿದರೆ ಉತ್ತರ ಪಾಠದಲ್ಲಿಯೇ ಇದೆ. ಕೊಡೆಯನ್ನೇಕೆ ತೆಗೆದುಕೊಂಡರು ಎಂಬುದಕ್ಕೆ ಇಲ್ಲ. ಮೋಡವೆಂಬ ಶಬ್ದವೇ ಪಾಠದಲ್ಲಿಲ್ಲ, ಮಗು ತಾನು ಕಂಡ ಆಕಾಶದಿಂದ ಅದನ್ನು ತರಬೇಕು. ಕೊಡೆಯಿದ್ದರೂ ಅಪ್ಪ ತೊಯ್ದದ್ದೇಕೆ ಎಂಬುದಕ್ಕೆ ಎರಡು ವಾಕ್ಯಗಳನ್ನು ಜೋಡಿಸಿ ನೋಡಬೇಕು. ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂಬುದು ಪಾಠದಾಚೆಗೆ ಕೊಂಡೊಯ್ಯುವ ಪ್ರಶ್ನೆ. ಮೊದಲನೆಯ ಬಗೆಯದು ಒಂದಿದ್ದರೆ ಉಳಿದ ಬಗೆಯವು ಎರಡಾದರೂ ಇರಲಿ.

ಉತ್ತರವನ್ನು ಮಗು ತನ್ನ ಮನೆಮಾತಿನಲ್ಲಿ ಹೇಳಲಿ. ‘ಮಳಿ ಬರೋಹಂಗ ಇತ್ರಿ’ ಎಂದರೆ ಅದು ಪೂರ್ಣವಾದ, ಸರಿಯಾದ ಉತ್ತರ. ಆ ಕ್ಷಣದಲ್ಲಿ ‘ಮಳಿ ಅಲ್ಲ, ಮಳೆ’ ಎಂದು ತಿದ್ದಿದರೆ, ಅರ್ಥದ ಕಡೆಗೆ ಹೊರಟಿದ್ದ ಮನಸ್ಸು ಮತ್ತೆ ಅಕ್ಷರದ ಕಡೆಗೆ ಹಿಂದಿರುಗುತ್ತದೆ. ಶಿಷ್ಟರೂಪವನ್ನು ಕಲಿಸಲೇಬೇಕು, ಮಾತು ಮುಗಿದ ಮೇಲೆ ‘ಪುಸ್ತಕದಲ್ಲಿ ಇದನ್ನು ಮಳೆ ಎಂದು ಬರೆಯುತ್ತಾರೆ’ ಎಂದರೆ ಸಾಕು. ಅಕ್ಷರಗಳು ಇನ್ನೂ ಬಾರದ ಮಗುವಿಗೂ ಈ ಅಭ್ಯಾಸವನ್ನು ಮಾಡಿಸಬಹುದು: ದೊಡ್ಡವರು ಓದಿ ಹೇಳುವುದು, ಮಗು ಕೇಳಿ ಉತ್ತರಿಸುವುದು. ಸೂತ್ರದ ಎರಡನೆಯ ಶಕ್ತಿ ಬೆಳೆಯುವುದು ಹೀಗೆಯೇ.

ಆನ್‌ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ೧೯೮೪ರಲ್ಲಿ ವರ್ಣಿಸಿದ ವಿಧಾನದಲ್ಲಿ ವಿದ್ಯಾರ್ಥಿಗಳು ಸರದಿಯಂತೆ ತಾವೇ ಉಪಾಧ್ಯಾಯರಾಗುತ್ತಾರೆ. ಮುಂದೇನಾದೀತೆಂದು ಊಹಿಸುವುದು, ಪ್ರಶ್ನೆ ಕೇಳುವುದು, ತಿಳಿಯದುದನ್ನು ಬಿಡಿಸಿಕೊಳ್ಳುವುದು, ಸಾರವನ್ನು ಹೇಳುವುದು—ಇವು ಅದರ ನಾಲ್ಕು ಅಂಗಗಳು. ಅವರು ಪ್ರಯೋಗಿಸಿದುದು ಏಳನೆಯ ತರಗತಿಯವರ ಮೇಲೆ. ಚಿಕ್ಕ ಮಕ್ಕಳಲ್ಲಿ ಇದನ್ನೇ ಕಥೆಯ ನಡುವೆ ಬಾಯಿಮಾತಿನಲ್ಲಿ ನಡೆಸಬಹುದು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಕ್ರಮವು ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮೆಟ್ಟಿಲೇರಲು ಎಡೆ ಮಾಡಿತು. ಆದರೆ ಯಾವ ಕ್ರಮವಾದರೂ ಮಗುವಿನೊಡನೆ ಕುಳಿತು ಮಾತನಾಡುವವರು ಬೇಕು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳ ಮನೆಯಲ್ಲಿಯೋ ನೆರೆಯಲ್ಲಿಯೋ ಒಂದನೆಯ, ಎರಡನೆಯ ತರಗತಿಯ ಮಗುವಿರಬಹುದು. ಸಂಜೆ ಕಾಲು ಗಂಟೆ ಬಿಡುವು ಮಾಡಿಕೊಂಡು ಅದರ ಪುಸ್ತಕದ ಒಂದು ಪುಟವನ್ನು ಓದಿಸಿರಿ. ಬಳಿಕ ಪುಸ್ತಕವನ್ನು ಮುಚ್ಚಿಸಿ, ‘ಏನಾಯಿತು, ಹೇಳು’ ಎಂದು ಕೇಳಿರಿ. ಮಗು ಪಾಠದ ವಾಕ್ಯಗಳನ್ನೇ ಒಪ್ಪಿಸಿದರೆ ಇನ್ನೂ ಕೆಲಸವಿದೆಯೆಂದು ತಿಳಿಯಬೇಕು. ತನ್ನ ಮಾತಿನಲ್ಲಿ, ಎರಡು ವಾಕ್ಯ ಹಿಂದುಮುಂದಾಗಿಯಾದರೂ ಹೇಳಿದರೆ, ಅದು ಓದಲು ಕಲಿಯುತ್ತಿದೆ.